ಜೂನ್ ಒಂದರ ಮಗಳು

"ನಿಮಗ ಇಪ್ಪತ್ತೈದು ತುಂಬ್ಯಾವ್ರಿ ಮೇಡಮ್. ಜೂನ್ ಒಂದಕ್ಕ."

ವಿಮೆಯ ಮೇಜಿನ ಹಿಂದೆ ಕೂತಿದ್ದ ಅತೀಕ ಕಂಪ್ಯೂಟರಿನಿಂದ ಕಣ್ಣು ತೆಗೆಯದೆಯೇ ಹೇಳಿದ. ಪಂಚಶೀಲಾ ಬಲಪಕ್ಕೆ ಒತ್ತಿ ಹಿಡಿದು ನಿಂತಿದ್ದಳು. ಪಿತ್ತಕೋಶದಲ್ಲಿ ಕಲ್ಲು, ನಾಳೆಯೇ ಆಪರೇಷನ್ ಆಗಬೇಕು, ತಡವಾದರೆ ಒಳಗೇ ಕೀವಾಗುತ್ತದೆ ಎಂದು ಯಾದಗಿರಿಯ ಈ ಖಾಸಗಿ ಆಸ್ಪತ್ರೆಯ ಡಾಕ್ಟರು ಹೇಳಿ ಒಂದು ತಾಸಾಗಿತ್ತು.

"ನನಗಿನ್ನ ಇಪ್ಪತ್ನಾಕೇ ತುಂಬಿಲ್ರಿ! ಬರೋ ಅಕ್ಟೋಬರಿಗೆ ತುಂಬತಾವ."

"ಅದು ಮನ್ಯಾಗ. ಕಾಗದದಾಗ ಹಂಗಿಲ್ಲ. ಇದು ಮಾಸ್ತರರ ಸೊಸೈಟಿ ಪಾಲಿಸಿ. ಓದೋ ಮಕ್ಕಳಿಗಿ ಇಪ್ಪತ್ತೈದರ ತನಕ ಅಷ್ಟ. ನಿಮ್ಮ ಹೆಸರು ತಾನಾಗೇ ಹೋಗ್ಯಾದ."

"ಕಾಲೇಜಿಂದು? ಪ್ರತಿ ವರ್ಷ ಫೀಸಿನಾಗ ವಿಮೆ ಅಂತ ಹಿಡಕೋತಾರಲ್ರಿ."

"ಅದು ಅಪಘಾತದ್ದು. ಗಾಡಿ ಮ್ಯಾಲಿಂದ ಬಿದ್ರ ಬರ್ತದ."

"ಹಂಗಾರ ಹೊರಗ ಹೋಗಿ ಬಿದ್ದು ಬರ್ಲೇನ್ರಿ?"

"ಸಮಾಧಾನ, ಪಂಚೀ," ಎಂದರು ಹಿಂದೆ ನಿಂತಿದ್ದ ಅವಳ ಅಪ್ಪ ಶಾಂತಕುಮಾರ ಮಾಸ್ತರರು. ಆ ಮಾತಿಗೆ ಅವಳಿಗೆ ಇನ್ನಷ್ಟು ರೇಗಿತು. ಸೊಸೈಟಿಯ ಸಭೆಯಲ್ಲಿ ಎದ್ದು ನಿಂತು, ಮಕ್ಕಳಿದ್ದವರೆಲ್ಲ ಈ ಪಾಲಿಸಿ ಮಾಡಿಸಲೇಬೇಕು ಎಂದು ಭಾಷಣ ಬಿಗಿದವರು ಇವರೇ. ಈಗ ಸಮಾಧಾನವಂತೆ. ಇವರ ಹೊಸ ಮನೆಯ ಗೋಡೆಗಳ ಗಿಲಾವು ಇನ್ನೂ ಒಣಗಿಲ್ಲ; ವಿಮೆಯಿಲ್ಲದೆ ಆಪರೇಷನ್ನಿಗೆ ಕಟ್ಟುವಷ್ಟು ದುಡ್ಡು ಕೈಯಲ್ಲಿಲ್ಲ ಎಂಬುದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಜೂನ್ ಒಂದು! ಶಹಾಪುರ, ಸುರಪುರದ ಕಡೆ ಸಾಲಿ ಕಲಿತವರಲ್ಲಿ ಅರ್ಧಕ್ಕರ್ಧ ಜನ ಅಂದೇ ಹುಟ್ಟಿದವರು. ದಾಖಲೆ ನಂಬುವುದಾದರೆ ಆ ಒಂದು ದಿನ ಸೂಲಗಿತ್ತಿಯರಿಗೆ ಉಸಿರಾಡಲೂ ಪುರಸೊತ್ತು ಇರಬಾರದು. ಪಂಚಶೀಲಾಳ ಒಂದನೆಯ ತರಗತಿಯ ಗೆಳತಿಯರ ವಾಟ್ಸಾಪ್ ಗುಂಪಿನಲ್ಲಿ ಆ ದಿನ ಎಲ್ಲರೂ ಎಲ್ಲರಿಗೂ ಶುಭಾಶಯ ಹೇಳಿ ನಗುತ್ತಾರೆ. ಅವಳೂ ನಕ್ಕವಳೇ. ಹಾಗೆ ಬರೆದದ್ದೆಲ್ಲ ಅವಳು ಕಲಿತ, ಅಪ್ಪ ಕಲಿಸುತ್ತಿದ್ದ ಸಗರದ ಸಾಲಿಯ ಹಳೆಯ ಹೆಡ್‌ಮಾಸ್ತರರ ಕೆಲಸ ಎಂದು ಅಪ್ಪ ಹೇಳಿದ್ದರು. ಅವರು ತೀರಿಕೊಂಡು ಬಹಳ ವರ್ಷವಾಗಿತ್ತು, ಬೈದರೆ ಕೇಳಿಸಿಕೊಳ್ಳುವವರೂ ಇರಲಿಲ್ಲ.

"ಆ ಹೆಡ್‌ಮಾಸ್ತರ ಈಗ ನನ್ನ ಕೈಯಾಗ ಸಿಗಬೇಕಿತ್ತು ನೋಡ್ರಿ!" ಎಂದಳು.

"ನಾ ಏನು ಮನಸಿನಾಗಿಂದ ಹೇಳಾಕತ್ತಿಲ್ರಿ. ನಿಮ್ಮ ಸಾಲಿ ದಾಖಲಾತಿ ಪುಸ್ತಕದ ನಕಲು ಇದು. ಪಾಲಿಸಿ ಮಾಡಿಸುವಾಗ ಸರ್ ಅವರೇ ಕೊಟ್ಟಾರ." ಅತೀಕ ಫೈಲಿನಿಂದ ಒಂದು ಜೆರಾಕ್ಸ್ ತೆಗೆದು ಮುಂದೆ ಸರಿಸಿದ. ಮಾಸ್ತರರು ಗಡಬಡಿಸಿ ಕೈ ಚಾಚಿದರು. ಅವಳ ಕೈ ಮೊದಲು ಮುಟ್ಟಿತು.

ಪಂಚಶೀಲಾ. 1-6-1999.

'ಶೀ'ಯ ದೀರ್ಘದ ಬಾಲ ಮೇಲಕ್ಕೆ ಹೋಗಿ ಸುತ್ತಿಕೊಂಡಿತ್ತು. ಆ ಸುತ್ತನ್ನು ಅವಳು ಕೈ ಹಿಡಿಸಿಕೊಂಡು ಕಲಿತಿದ್ದಳು. ಒಂದು ಅಕ್ಷರ ಸೊಟ್ಟಾದರೂ ಅಪ್ಪ ಪಾಟಿಯನ್ನೆಲ್ಲ ಒರೆಸಿ, "ತಿದ್ದಬ್ಯಾಡ, ಮೊದಲಿಂದ ಬರಿ" ಎನ್ನುತ್ತಿದ್ದರು. ಇಂದಿಗೂ ಅವಳ ಸಹಿಯಲ್ಲಿ ಅದೇ ಸುತ್ತು.

"ಇದು ನಿನ್ನ ಅಕ್ಷರ," ಎಂದಳು.

ಮಾಸ್ತರರು ನೆಲ ನೋಡಿದರು. "ಒಂದನೇ ಕ್ಲಾಸಿಗಿ ಒಂದು ಹೆಸರು ಕಮ್ಮಿ ಬಿದ್ದಿತ್ತವ್ವ. ಸಂಖ್ಯೆ ತುಂಬದಿದ್ರ ನನ್ನ ಪೋಸ್ಟ್ ಎತ್ತಿ ಎಲ್ಲೋ ದೂರ ಹಾಕ್ತಿದ್ರು. ನಿನಗ ಆಗ ಐದೂ ತುಂಬಿದ್ದಿಲ್ಲ. ಒಂದೀಟು ಉಮರ್ ಹೆಚ್ಚಿಗಿ ಬರದ್ರ ಏನಾಗ್ತದ ಅಂತ..."

"ಊರ ಮಕ್ಕಳ್ದೂ ನೀನೇ ಬರದಿ?"

"ಅವರ ಮನಿಯವರಿಗೆ ತಾರೀಖು ಗೊತ್ತಿದ್ದಿಲ್ಲ."

"ನಂದು ಗೊತ್ತಿತ್ತಲ್ಲ! ಪ್ರತಿ ವರ್ಷ ಅಕ್ಟೋಬರಿಗೆ ಕೇಕ್ ತರ್ತಿ. ಮನ್ಯಾಗೊಂದು ತಾರೀಖು, ಪುಸ್ತಕದಾಗೊಂದು ತಾರೀಖು! ಮ್ಯಾಲ ಸತ್ತವರ ಹೆಸರು ಹೇಳ್ತಿ. ನಾಚಿಕಿ ಬರಲಿಲ್ಲೇನು ನಿನಗ?"

ಸರದಿಯಲ್ಲಿ ನಿಂತವರು ತಿರುಗಿ ನೋಡಿದರು. ನೋಡಲಿ. ಅವಳು ಬ್ಯಾಗಿನಿಂದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ್ದ ಹಳದಿ ಕಾರ್ಡು ತೆಗೆದು ಮೇಜಿನ ಮೇಲೆ ಇಟ್ಟಳು. ಅವ್ವ ಮಾನಮ್ಮ ಟ್ರಂಕಿನ ತಳದಲ್ಲಿ ಜೋಪಾನ ಮಾಡಿ, ಆಸ್ಪತ್ರೆಯಲ್ಲಿ ಬೇಕಾದೀತೆಂದು ಹೊರಡುವಾಗ ಬ್ಯಾಗಿಗೆ ಹಾಕಿದ್ದ ಲಸಿಕೆ ಕಾರ್ಡು ಅದು. ಕೆಂಭಾವಿಯ ತವರಿನಲ್ಲಿ ಹೆರಿಗೆಯಾದಾಗ ನರ್ಸಮ್ಮ ಬರೆದುಕೊಟ್ಟದ್ದು: 13-10-2000.

ಅತೀಕ ಕಾರ್ಡನ್ನು ಹಿಂದೆ ಮುಂದೆ ಮಾಡಿ ನೋಡಿದ. ಅವನ ದನಿ ಇಳಿಯಿತು. "ಇದೊಂದೇ ಸಾಲಲ್ರಿ. ಪುಸ್ತಕದಾಗ ಬರದವರು, ಗಲತ್ ತಾರೀಖು ಬರದೀನಿ ಅಂತ ಸಹಿ ಮಾಡಿ ಕೊಟ್ರ, ಎರಡೂ ಕೂಡಿಸಿ ಮ್ಯಾಲ ಕಳಸ್ತೀನಿ. ಆರು ಗಂಟಿ ಒಳಗ ಕೊಡ್ರಿ. ಆಗೇ ಆಗ್ತದ ಅಂತ ಹೇಳಾಂಗಿಲ್ಲ." ಆಮೇಲೆ ಮಾಸ್ತರರ ಕಡೆ ತಿರುಗಿದ. "ವಿಚಾರ ಮಾಡ್ರಿ ಸರ್. ಆ ಕಾಗದ ನಾಳೆ ಇಲಾಖೆಗೆ ಹೋಯ್ತಂದ್ರ..."

ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಮಾಸ್ತರರು ಗೋಡೆ ಗಡಿಯಾರ ನೋಡಿದರು, ಮಗಳ ಮುಖ ನೋಡಲಿಲ್ಲ. "ಮನಿಗಿ ಹೋಗಿ ನಿಮ್ಮವ್ವನ್ನ ಒಂದು ಮಾತು ಕೇಳಿ..." ಎಂದರು.

ಈ ಮನುಷ್ಯನ ಮೇಲೆ ಕನಿಕರ ಬರಬೇಕಿತ್ತು. ಬರಲಿಲ್ಲ. ಪಕ್ಕೆಯ ನೋವಿಗಿಂತ ಸಿಟ್ಟೇ ಜೋರಾಗಿತ್ತು. ಅವರ ಅಂಗಿಯ ಜೇಬಿನಲ್ಲಿ ಎಂದಿನಂತೆ ಎರಡು ಪೆನ್ನು, ಒಂದು ಕೆಂಪು, ಒಂದು ನೀಲಿ. ನೀಲಿಯದನ್ನು ಎಳೆದು ಅವರ ಕೈಗೆ ತುರುಕಿದಳು.

"ನನ್ನ ಹೆಸರು ಬರಿಯುವಾಗ ಯಾರನ್ನ ಕೇಳಿದ್ದಿ?"

ಅತೀಕ ಬಿಳಿ ಹಾಳೆಗಳನ್ನು ಮುಂದಿಟ್ಟ. ಮಾಸ್ತರರು ಬಾಗಿ ಬರೆಯತೊಡಗಿದರು. ಅಕ್ಷರ ಈಗಲೂ ಮುತ್ತಿನಂತೆಯೇ ಬರುತ್ತಿತ್ತು. ಅವರ ಹೆಸರು, ಸಹಶಿಕ್ಷಕ ಎಂಬ ಹುದ್ದೆ, ತಾವೇ ತಿಳಿದೂ ತಪ್ಪು ಬರೆದದ್ದು, ಎಲ್ಲ ಬಂತು. 'ನನ್ನ ಮಗಳ ನಿಜವಾದ ಜನ್ಮ ದಿನಾಂಕ' ಎಂದು ಬರೆದ ಮೇಲೆ ಕೈ ತನ್ನಷ್ಟಕ್ಕೆ ಮುಂದೆ ಹೋಯಿತು.

1-6-

ಪೆನ್ನು ನಿಂತಿತು. ಮಾಸ್ತರರು ಅದರ ಮೇಲೆ ಗೀಟು ಎಳೆಯಲು ಹೋದರು. ಪಂಚಶೀಲಾ ಹಾಳೆಯನ್ನು ಕೈಕೆಳಗಿನಿಂದ ಕಿತ್ತು ಮುದ್ದೆ ಮಾಡಿದಳು. ಇನ್ನೊಂದು ಹಾಳೆ ಇಟ್ಟಳು.

"ತಿದ್ದಬ್ಯಾಡ," ಎಂದಳು. "ಮೊದಲಿಂದ ಬರಿ."

ಮಾಸ್ತರರು ತಲೆಯೆತ್ತಲಿಲ್ಲ. ಮೊದಲ ಸಾಲಿನಿಂದ ಎಲ್ಲ ಬರೆದು, ಆ ಜಾಗ ಬಂದಾಗ ಹಳದಿ ಕಾರ್ಡನ್ನು ಹತ್ತಿರ ಎಳೆದುಕೊಂಡರು. ಅದರ ಮೇಲೆ ಬೆರಳಿಟ್ಟು, ಒಂದೊಂದೇ ಅಂಕಿ ನೋಡಿ ಇಳಿಸಿಕೊಂಡರು.