ಇದು ನನ್ನ ಹೊಸ ನಂಬರು

"ಒಂದು ಟಿಕ್ ಅಂದ್ರೆ ನಿಮ್ಮ ಫೋನಿಂದ ಹೊರಟಿದೆ ಅಂತ. ಅವರಿಗೆ ಮುಟ್ಟಿದೆ ಅಂತ ಅಲ್ಲ," ಎಂದು ಅವನು ಮತ್ತೆ ಹೇಳಿದ.

"ಹಾಗಾದ್ರೆ ಈಗ ಎಲ್ಲಿದೆ ಅದು?" ಎಂದಳು ಕೌಂಟರಿನಾಚೆಯ ಹೆಂಗಸು.

ಎಲ್ಲಿದೆ ಎಂದು ಅವನಿಗೂ ಗೊತ್ತಿರಲಿಲ್ಲ. "ಅವರ ಫೋನ್ ಆಫ್ ಆಗಿರಬಹುದು. ನೆಟ್ ಇಲ್ಲದೆ ಇರಬಹುದು. ನಂಬರ್ ಬದಲಾಯಿಸಿರಬಹುದು." ನಾಲ್ಕನೆಯ ಕಾರಣವೊಂದಿತ್ತು. ಅದನ್ನು ಅವನು ಗಿರಾಕಿಗಳಿಗೆ ಹೇಳುತ್ತಿರಲಿಲ್ಲ. ಅದು ಅವನ ಸ್ವಂತದ್ದು.

ಹೆಂಗಸು ಫೋನನ್ನು ಸೆರಗಿನಲ್ಲಿ ಒರೆಸಿಕೊಂಡು ಹೋದಳು, ಒರೆಸಿದರೆ ಇನ್ನೊಂದು ಟಿಕ್ ಮೂಡುತ್ತದೇನೋ ಎನ್ನುವ ಹಾಗೆ.

ಫೋನ್ ಸರ್ವಿಸ್ ಸೆಂಟರಿನ ಆ ಕೋಣೆಯಲ್ಲಿ ಎದುರಿಗೆ ಗಾಜಿನ ಕಪಾಟು. ಸ್ಟ್ಯಾಂಡುಗಳಲ್ಲಿ ಸಾಲಾಗಿ ನಿಂತ ಹೊಸ ಫೋನುಗಳೆಲ್ಲ ಡಮ್ಮಿ. ಒಳಗೆ ಏನೂ ಇಲ್ಲದ ಪ್ಲಾಸ್ಟಿಕ್, ಮೇಲೆ ಅಂಟಿಸಿದ ಬಣ್ಣದ ಕಾಗದ. ಎಲ್ಲದರಲ್ಲೂ ಗಂಟೆ ಹತ್ತೂ ಹತ್ತು. ಎಲ್ಲದರಲ್ಲೂ ಒಂದು ಮೆಸೇಜು ಆಗಷ್ಟೇ ಬಂದ ಹಾಗೆ ಮುದ್ರಿಸಿದ್ದರು. ಕೊನೆಯ ಸ್ಟ್ಯಾಂಡು ಮಾತ್ರ ಖಾಲಿ. ಹೋದ ವಾರ ಯಾರೋ ಡಮ್ಮಿಯನ್ನು ನಿಜವೆಂದು ನಂಬಿ ಕದ್ದಿದ್ದರು.

"ಪಾಪ, ಇನ್ನೂ ಚಾರ್ಜಿಗೆ ಹಾಕ್ಕೊಂಡು ಕೂತಿರ್ತಾನೆ," ಎಂದು ಪಕ್ಕದ ಸ್ಟೂಲಿನ ಗ್ಲಾಸಕ್ಕ ಅಂದಿನಿಂದ ದಿನಕ್ಕೊಮ್ಮೆಯಾದರೂ ನಗುತ್ತಿದ್ದಳು. ಫೋನುಗಳ ಮುಖಕ್ಕೆ ಗಾಜು ಅಂಟಿಸುವುದು ಅವಳ ಕೆಲಸ, ಅದಕ್ಕೇ ಆ ಹೆಸರು. ಅವನಿಗೆ ಅವಳಿಟ್ಟ ಹೆಸರು ಡಾಕ್ಟ್ರು. ಪಿಎಚ್.ಡಿ. ಅರ್ಧಕ್ಕೆ ಬಿಟ್ಟವನು ತಾನೆಂದು ಒಮ್ಮೆ ಬಾಯಿತಪ್ಪಿ ಹೇಳಿದ್ದಕ್ಕೆ ಸಿಕ್ಕ ಪದವಿ.

ಮೆಸೇಜಿನ ದೂರು ಬಂದರೆ ಗಿರಾಕಿಯ ಫೋನಿಗೆ ಒಂದು ಟೆಸ್ಟ್ ಮೆಸೇಜ್ ಕಳಿಸಿ ನೋಡಬೇಕು. ಇದಕ್ಕೆಂದೇ ಕೌಂಟರಿಗೆ ಒಂದು ಫೋನ್ ಕೊಟ್ಟಿದ್ದರು. ಅದು ಕೆಟ್ಟು ಡ್ರಾಯರಿನಲ್ಲಿ ಮಲಗಿತ್ತು. ಊರಿನವರ ಫೋನೆಲ್ಲ ರಿಪೇರಿಯಾಗುವ ಕಡೆ ಅದೊಂದನ್ನು ರಿಪೇರಿ ಮಾಡುವವರು ಇರಲಿಲ್ಲ. ಹಾಗಾಗಿ ಅವನು ತನ್ನ ಫೋನಿನಿಂದಲೇ ಕಳಿಸುತ್ತಿದ್ದ. ಅವನ ಫೋನ್ ತೆರೆದರೆ ಗುರುತಿಲ್ಲದವರ ಸಾಲು. ಒಬ್ಬೊಬ್ಬರ ಕೆಳಗೂ ಅದೇ ಒಂದು ಮಾತು: ಟೆಸ್ಟ್, ಟೆಸ್ಟ್, ಟೆಸ್ಟ್. ನಡುವೆ ಅವನ ಅಕ್ಕನದೊಂದು: "ಯಾಕೋ, ಬದುಕಿದೀಯೇನೋ?" ಅದನ್ನು ಅವನು ತೆರೆಯದೆ ಮೇಲಿಂದಲೇ ಓದಿದ್ದ. ತೆರೆದರೆ ಅವಳ ಕಡೆ ಟಿಕ್ ನೀಲಿಯಾಗುತ್ತದೆ. ನೀಲಿಯಾದರೆ ಉತ್ತರ ಕೊಡಬೇಕಾಗುತ್ತದೆ.

"ಮುಂದಿನ ಟೋಕನ್," ಎಂದು ಕೂಗಿ ತಲೆಯೆತ್ತಿದ.

ಎದುರಿಗೆ ಅವನ ಪಿಎಚ್.ಡಿ. ಗೈಡ್ ಆಗಿದ್ದ ಪ್ರೊಫೆಸರು ನಿಂತಿದ್ದರು.

ಈ ಭೇಟಿಯನ್ನು ಅವನು ನಾಲ್ಕು ವರ್ಷ ಮನಸ್ಸಿನಲ್ಲೇ ಅಭ್ಯಾಸ ಮಾಡಿದ್ದ. ಬಸ್ಸಿನಲ್ಲಿ, ಬ್ಯಾಂಕಿನ ಸಾಲಿನಲ್ಲಿ, ಒಮ್ಮೆ ಆಸ್ಪತ್ರೆಯ ಲಿಫ್ಟಿನಲ್ಲಿ ಇಬ್ಬರೇ. ಎಲ್ಲ ಕಡೆ ಪ್ರೊಫೆಸರೇ ಮೊದಲು ಗುರುತು ಹಿಡಿದು ಮುಖ ಬಿಳಿಚಿಕೊಳ್ಳುತ್ತಿದ್ದರು. ಇಲ್ಲಿ ಅವರು ಅವನ ಮುಖದ ಮೇಲೆ ಕಣ್ಣಾಡಿಸಿ, ಗೋಡೆಯ ಗಡಿಯಾರದ ಮೇಲೂ ಹಾಗೆಯೇ ಆಡಿಸಿ, ಫೋನನ್ನು ಮುಂದಿಟ್ಟರು.

"ಮೆಸೇಜ್ ಬರ್ತಿಲ್ಲ."

"ಯಾರಿಂದಲೂ ಬರ್ತಿಲ್ವಾ ಸರ್?"

"ಬೇಡದ್ದೆಲ್ಲ ಬರುತ್ತೆ. ಬರಬೇಕಾದ್ದು ಬರ್ತಿಲ್ಲ."

"ಯಾರದು ಬರಬೇಕಿತ್ತು?"

ಪ್ರೊಫೆಸರು ಹಿಂದೆ ಕೂತವರತ್ತ ನೋಡಿ ದನಿ ತಗ್ಗಿಸಿದರು. "ಮಗಳದು. ಮದುವೆ ಮಾಡ್ಕೋತೀನಿ ಅಂದ್ಲು. ನಾನು ಏನೋ ಅಂದೆ. ದಿನ ಗೊತ್ತಾದ್ಮೇಲೆ ಮೆಸೇಜ್ ಮಾಡ್ತೀನಿ, ಬರೋದು ಬಿಡೋದು ನಿಮ್ಮಿಷ್ಟ ಅಂತ ಹೊರಟು ಹೋದ್ಲು."

"ಫೋನ್ ಮಾಡಿ ಕೇಳಬಹುದಲ್ಲ ಸರ್."

"ಸ್ವಿಚ್ ಆಫ್."

"ಅವರ ಗೆಳತಿಯರು, ನಿಮ್ಮ ನೆಂಟರು..."

"ನನ್ನ ಮಗಳ ಮದುವೆ ಯಾವತ್ತು ಅಂತ ಇನ್ನೊಬ್ಬರನ್ನ ಕೇಳಲಾ?" ಎಂದರು. ತರಗತಿಯಲ್ಲಿ ದಡ್ಡ ಪ್ರಶ್ನೆಗೆ ಉತ್ತರಿಸುತ್ತಿದ್ದ ಅದೇ ದನಿ. ಅಂಗಿಯ ಕಾಲರು ಮಾತ್ರ ಸವೆದಿತ್ತು.

"ಟೆಸ್ಟ್ ಕಳಿಸ್ತೀನಿ. ನಂಬರ್ ಹೇಳಿ."

ಅವರು ಅರ್ಧ ಹೇಳುವಷ್ಟರಲ್ಲಿ ಅವನ ಬೆರಳು ಕೊನೆಯ ಅಂಕಿಯನ್ನೂ ಒತ್ತಿತ್ತು. ಪ್ರೊಫೆಸರು ಗಮನಿಸಲಿಲ್ಲ. ಗಮನಿಸುವುದು ಅವರಿಗೆ ಎಂದೂ ಅಭ್ಯಾಸವಿರಲಿಲ್ಲ.

ಒಂದೇ ಟಿಕ್. ಇಬ್ಬರೂ ಮೇಜಿನ ಮೇಲಿನ ಫೋನನ್ನು ನೋಡುತ್ತ ಕಾದರು. ಅದು ಕಲ್ಲಿನ ಹಾಗೆ ಬಿದ್ದಿತ್ತು.

"ನಾನು ಹೇಳಲಿಲ್ವಾ," ಎಂದರು ಪ್ರೊಫೆಸರು.

"ಗ್ಲಾಸಕ್ಕ, ನಿಮ್ಮ ಫೋನಿಂದ ಒಂದು ಟೆಸ್ಟ್ ಹಾಕಿ."

"ಡಾಕ್ಟ್ರ ಫೋನಿಗೇ ಜ್ವರ ಬಂತಾ?" ಎನ್ನುತ್ತ ಅವಳು ನಂಬರ್ ಕೇಳಿಕೊಂಡು ಒತ್ತಿದಳು. ಪ್ರೊಫೆಸರ ಫೋನ್ ಟಿಂಗ್ ಎಂದಿತು.

ಹಾಗಾದರೆ ನಾಲ್ಕನೆಯ ಕಾರಣವೇ: ಬ್ಲಾಕ್. ಅವನೊಳಗೆ ಏನೋ ಬೆಚ್ಚಗಾಯಿತು. ಅದನ್ನು ಹೆಮ್ಮೆ ಎನ್ನದೆ ಬೇರೆ ದಾರಿಯಿರಲಿಲ್ಲ.

ಆರು ವರ್ಷ ಅವನು ಈ ಮನುಷ್ಯನ ಕೈಕೆಳಗೆ ಸಂಶೋಧನೆ ಮಾಡಿದ್ದ. ಪ್ರಬಂಧ ಸಲ್ಲಿಸಲು ಗೈಡಿನ ಸಹಿಯೊಂದು ಬಾಕಿ. ಅದೇ ವಾರ ಹಳೆಯ ಸಿಮ್ ಕಳೆದುಕೊಂಡು ಹೊಸ ನಂಬರು ತೆಗೆದುಕೊಂಡಿದ್ದ. ಪ್ರೊಫೆಸರು ಪರ ಊರಿಗೆ ಹೋಗಿದ್ದರು, ಕರೆ ಎತ್ತುತ್ತಿರಲಿಲ್ಲ. ಉದ್ದದ ಮೆಸೇಜ್ ಬರೆದ. ಅದು ಮುಟ್ಟಿತು, ಎರಡು ಟಿಕ್. ಮಾರನೆಯ ದಿನ ಬರೆದದ್ದಕ್ಕೆ ಒಂದೇ. ಆಮೇಲೆ ಬರೆದದ್ದಕ್ಕೆಲ್ಲ ಒಂದೇ. ಗಡುವು ದಾಟಿತು, ಸೀಟು ಹೋಯಿತು, ಹಾಸ್ಟೆಲಿನ ಕೋಣೆಯೂ ಹೋಯಿತು.

ಓದಿದ್ದಾರೆ, ಓದಿ ಬೇಕೆಂದೇ ಬಾಗಿಲು ಹಾಕಿದ್ದಾರೆ. ಅವನು ನಾಲ್ಕು ವರ್ಷ ಹಲ್ಲು ಕಚ್ಚಿ ಬದುಕಿದ್ದು ಈ ಒಂದು ನಂಬಿಕೆಯ ಮೇಲೆ. ಒಬ್ಬ ದೊಡ್ಡ ಮನುಷ್ಯ ತನ್ನನ್ನು ಲೆಕ್ಕಕ್ಕೆ ತೆಗೆದುಕೊಂಡು ದ್ವೇಷಿಸಿದ್ದಾನೆ. ಅದೂ ಒಂದು ಸಂಬಂಧವೇ.

"ಯಾರನ್ನಾದ್ರೂ ಬ್ಲಾಕ್ ಮಾಡಿದೀರಾ ಸರ್?" ಎಂದು ಕೇಳಿದ. ತನ್ನ ಹೆಸರು ಆ ಬಾಯಿಂದ ಬರಲಿ ಎಂದು ಕಾದ.

"ಗೊತ್ತಿಲ್ಲದ ನಂಬರ್ ಬಂದ್ರೆ ಕೆಳಗಡೆ ಬ್ಲಾಕ್ ಅಂತ ಕೇಳುತ್ತಲ್ಲ, ಒತ್ತಿಬಿಡ್ತೀನಿ."

"ಓದಿದ್ಮೇಲಾ?"

"ಓದಿದ್ರೆ ಉತ್ತರ ಕೊಡಬೇಕಲ್ಲಪ್ಪ. ಕೆಲಸದಲ್ಲಿ ಇದ್ದಾಗಿಂದ ಅದೇ ಅಭ್ಯಾಸ. ಸಹಿ ಹಾಕಿ, ಶಿಫಾರಸು ಕೊಡಿ, ದಿನಾ ರಗಳೆ." ಪ್ರೊಫೆಸರು ಮೊದಲ ಸಲ ನಕ್ಕರು. "ಎಲ್ಲ ಕೇಳೋರೇ. ಕೊಡೋರು ಯಾರೂ ಹೊಸ ನಂಬರಿಂದ ಬರಲ್ಲ."

ಅವನು ಫೋನನ್ನು ತನ್ನತ್ತ ತಿರುಗಿಸಿಕೊಂಡ. "ಸ್ವಲ್ಪ ಹೊತ್ತಾಗುತ್ತೆ. ಕೂತ್ಕೊಳ್ಳಿ ಸರ್."

ಪ್ರೊಫೆಸರು ಕೂರಲಿಲ್ಲ. ಗಾಜಿನ ಕಪಾಟಿನ ಮುಂದೆ ಹೋಗಿ ನಿಂತು ಡಮ್ಮಿಗಳನ್ನು ಒಂದೊಂದಾಗಿ ನೋಡತೊಡಗಿದರು.

ಬ್ಲಾಕ್ ಆದ ನಂಬರುಗಳು ಬೆರಳಿನಡಿ ಜಾರಿದವು. ಹತ್ತಾರು ಜನ. ಹೆಸರಿಲ್ಲ, ಬರಿ ಅಂಕಿ. ಕೆಳಕ್ಕೆ, ಇನ್ನೂ ಕೆಳಕ್ಕೆ ಹೋದಾಗ ತನ್ನದು ಸಿಕ್ಕಿತು. ತೆರೆದ. "ಸರ್, ಇದು ನನ್ನ ಹೊಸ ನಂಬರು. ದಯವಿಟ್ಟು..." ಉದ್ದದ ಮೆಸೇಜಿನ ಮೊದಲ ಸಾಲುಗಳಷ್ಟೇ ಕಾಣುತ್ತಿದ್ದವು. ಉಳಿದದ್ದನ್ನು ಬಿಚ್ಚಿ ಓದಲು ಒತ್ತಬೇಕಾದ ಕಡೆ ಯಾರೂ ಒತ್ತಿರಲಿಲ್ಲ.

ದ್ವೇಷವೂ ಅಲ್ಲ. ನೊಣ ಓಡಿಸಿದ ಹಾಗೆ ಕೈಬೀಸಿದ್ದರು, ಅಷ್ಟೆ. ನಾಲ್ಕು ವರ್ಷ ಅವನು ಖಾಲಿ ಕುರ್ಚಿಯೊಂದಿಗೆ ಜಗಳವಾಡಿದ್ದ.

ಮತ್ತೆ ಮೇಲಕ್ಕೆ ಬಂದ. ಎಲ್ಲಕ್ಕಿಂತ ಮೇಲೆ, ಈ ವಾರದ್ದೇ ಒಂದು ನಂಬರು. ತೆರೆದ.

"ಅಪ್ಪ, ಇದು ನನ್ನ ಹೊಸ ನಂಬರು. ಗುರುವಾರ ಬೆಳಗ್ಗೆ ಹತ್ತೂವರೆಗೆ ರಿಜಿಸ್ಟರ್ ಆಫೀಸಲ್ಲಿ ಸಹಿ. ಬರದಿದ್ರೂ ಪರವಾಗಿಲ್ಲ, ಒಂದು ಮಾತು ಬರೀರಿ. ಅದೂ ಇಲ್ಲ ಅಂದ್ರೆ ನಾನಾಗಿ ಇನ್ನೊಂದು ಸಲ ಕೇಳಲ್ಲ."

ಅದರ ಕೆಳಗೆ ಫೋನ್ ತನ್ನ ನಿರ್ಲಿಪ್ತ ಬೂದು ಅಕ್ಷರಗಳಲ್ಲಿ ಬರೆದಿತ್ತು: ನೀವು ಈ ನಂಬರನ್ನು ಬ್ಲಾಕ್ ಮಾಡಿದ್ದೀರಿ.

ಇವತ್ತು ಬುಧವಾರ.

"ಏನು ಓದಿದೀರಿ ನೀವು?" ಪ್ರೊಫೆಸರು ಕಪಾಟಿನ ಕಡೆಯಿಂದ ಕೇಳಿದರು. ಹೊತ್ತು ಹೋಗದ ದನಿ.

"ಇತಿಹಾಸ."

"ಹೌದಾ? ನಾನೂ ಅದನ್ನೇ ಕಲಿಸಿದ್ದು. ಯಾರ ಹತ್ತಿರ ಓದಿದ್ರಿ?"

ನಾಲ್ಕು ವರ್ಷ ಅಭ್ಯಾಸ ಮಾಡಿದ ಮಾತುಗಳೆಲ್ಲ ಗಂಟಲಿನವರೆಗೆ ಬಂದು ಸಾಲಾಗಿ ನಿಂತವು.

"ಯಾರ ಹತ್ತಿರವೂ ಇಲ್ಲ ಸರ್."

"ಓದಿದವರು ಇಂಥಾ ಕೆಲಸ ಮಾಡೋದು ನೋಡಿದ್ರೆ ಬೇಜಾರಾಗುತ್ತೆ," ಎಂದರು ಪ್ರೊಫೆಸರು. ನಿಜವಾಗಿ ಬೇಜಾರಾದಂತೆಯೇ ಕಂಡರು.

ಅವನ ಹೆಬ್ಬೆರಳು ಮಗಳ ನಂಬರಿನ ಮೇಲೆ ನಿಂತಿತ್ತು. ಒಂದು ಸಲ ಒತ್ತಿದರೆ ಬಾಗಿಲು ತೆರೆಯುತ್ತಿತ್ತು. ಒತ್ತಲಿಲ್ಲ. ಅಳಿಸಲೂ ಇಲ್ಲ. ಅಳಿಸಿದರೆ ತಪ್ಪು ತನ್ನದಾಗುತ್ತದೆ. ಇದ್ದಲ್ಲಿ ಇದ್ದ ಹಾಗೆ ಬಿಟ್ಟರೆ ಮಾಡಿದವರದೇ. ಇಷ್ಟರಮಟ್ಟಿಗೆ ಅವನಿಗೆ ನ್ಯಾಯ ಗೊತ್ತಿತ್ತು.

ಕೆಳಕ್ಕೆ ಹೋಗಿ ತನ್ನ ನಂಬರಿನ ಬ್ಲಾಕ್ ತೆಗೆದ. ತನ್ನ ಹಳೆಯ ಮೆಸೇಜನ್ನು ಅಳಿಸಿದ. ಆ 'ದಯವಿಟ್ಟು' ಇನ್ನು ಬೇಡ. ನಾಳೆ ಸಂಜೆ, ಸಹಿಯೆಲ್ಲ ಮುಗಿದ ಮೇಲೆ, ಈ ನಂಬರಿನಿಂದ ಹೊಸದೊಂದು ಹೋಗುತ್ತದೆ: ನಿಮ್ಮ ಮಗಳು ಕರೆದಿದ್ದಳು. ಕೆಳಗೆ ತನ್ನ ಹೆಸರು, ಪೂರ್ತಿ ಹೆಸರು. ಆಗ ಬಿಳಿಚಿಕೊಳ್ಳಲಿ ಮುಖ.

"ಫೋನಲ್ಲಿ ಏನೂ ತೊಂದರೆ ಇಲ್ಲ ಸರ್."

"ಮತ್ತೆ ಅವಳ ಮೆಸೇಜು?"

"ಆ ಕಡೆಯಿಂದಲೇ ಬಂದ ಹಾಗೆ ಕಾಣಲ್ಲ."

"ಅಂದ್ರೆ ಕಳಿಸಿಲ್ಲ."

ಅವನು ಫೋನನ್ನು ಅವರತ್ತ ಸರಿಸಿದ. ಪ್ರೊಫೆಸರು ಫೋನನ್ನು ಎತ್ತಿಕೊಂಡು ಜೇಬಿಗೆ ಹಾಕಲು ಹೋದರು. ಜೇಬು ಒಂದು ಸಲಕ್ಕೆ ಸಿಗಲಿಲ್ಲ.

"ಸರ್, ಇನ್ಮೇಲೆ ಗೊತ್ತಿಲ್ಲದ ನಂಬರ್ ಬಂದ್ರೂ ಓದಿ," ಎಂದ ಅವನು. ತನ್ನದು ಮತ್ತೆ ಓದದೆ ಹೋಗಬಾರದಲ್ಲ.

ಪ್ರೊಫೆಸರು ಅವನನ್ನು ಆಗ ಮೊದಲ ಸಲ ಸರಿಯಾಗಿ ನೋಡಿದರು. ತಲೆಯಾಡಿಸಿ, "ಥ್ಯಾಂಕ್ಸ್, ಡಾಕ್ಟ್ರೇ," ಎಂದರು. ಗ್ಲಾಸಕ್ಕ ಕರೆದದ್ದು ಕಿವಿಗೆ ಬಿದ್ದಿತ್ತೇನೋ. ಆ ಬಾಯಿಂದ ಆ ಮಾತು ಕೇಳಲು ಅವನು ಆರು ವರ್ಷ ದುಡಿದಿದ್ದ.

"ಯಾರು ಡಾಕ್ಟ್ರೇ ಅವ್ರು?" ಗ್ಲಾಸಕ್ಕ ಕೇಳಿದಳು.

"ಗಿರಾಕಿ."

"ನಿಮ್ಮ ಮುಖ ನೋಡಿದ್ರೆ ಹೆಣ್ಣು ಕೊಡಲ್ಲ ಅಂದ ಮಾವ ಬಂದ ಹಾಗಿತ್ತಪ್ಪ."

"ಗಾಜಿನೊಳಗೆ ಗುಳ್ಳೆ ಉಳಿದಿದೆ ನೋಡಿ," ಎಂದ ಅವನು. ಅವಳು ಕೈಯಲ್ಲಿದ್ದ ಫೋನನ್ನು ಬೆಳಕಿಗೆ ಹಿಡಿದು, ಇಲ್ಲದ ಗುಳ್ಳೆಯನ್ನು ಉಗುರಿನಿಂದ ಒತ್ತತೊಡಗಿದಳು.

ಸಂಜೆಯವರೆಗೂ ಟೋಕನ್‌ಗಳು ಬಂದವು. ಅವನು ಟೆಸ್ಟ್ ಕಳಿಸಿದ. ಎಲ್ಲ ಮುಟ್ಟಿದವು.

ಗ್ಲಾಸಕ್ಕ ಚೀಲ ಹೆಗಲಿಗೇರಿಸಿಕೊಂಡು ಹೋದ ಮೇಲೆ, ಬಾಗಿಲು ಹಾಕುವುದು ಅವನ ಪಾಳಿ. ದೀಪಗಳನ್ನು ಒಂದೊಂದಾಗಿ ಆರಿಸಿ, ಉಳಿದೊಂದರ ಕೆಳಗೆ ಕೂತ. ನಾಳೆಯ ಮೆಸೇಜನ್ನು ಈಗಲೇ ಬರೆದಿಡೋಣ ಎನಿಸಿತು. ಬರೆದ. ಅಳಿಸಿದ. ದೀರ್ಘವಾಗಿ ಬರೆದರೆ ಅಳುಬುರುಕನಂತೆ ಕಂಡ, ಚಿಕ್ಕದಾಗಿ ಬರೆದರೆ ಸಾಲಗಾರನಂತೆ. ನಾಲ್ಕು ವರ್ಷ ಮಸೆದದ್ದು ಬೆರಳಿಗೆ ಬರುವಷ್ಟರಲ್ಲಿ ಮೊಂಡಾಗಿತ್ತು.

ಅಷ್ಟಕ್ಕೂ ದಾರಿ ತೆರೆದಿದೆಯೋ ಇಲ್ಲವೋ. ಮೊದಲು ಅದನ್ನು ನೋಡಬೇಕು. ಟೆಸ್ಟ್ ಎಂದು ಕಳಿಸಿದರೆ ಅಂಗಡಿಯವನೆಂದು ತಿಳಿಯುತ್ತಾರೆ. ಬೆರಳು ತಾನಾಗಿಯೇ ಹಳೆಯ ಸಾಲನ್ನು ಒತ್ತಿತು. ಸರ್ ಎಂಬುದನ್ನು ಮಾತ್ರ ಬಿಟ್ಟಿತು.

"ಇದು ನನ್ನ ಹೊಸ ನಂಬರು."

ಒಂದು ಟಿಕ್. ಎರಡು. ಅವನು ಉಸಿರು ಬಿಡುವ ಮೊದಲೇ ಎರಡೂ ನೀಲಿಯಾದವು. ಆ ಮನುಷ್ಯ ಫೋನನ್ನು ಕೈಯಲ್ಲೇ ಹಿಡಿದು ಕೂತಿದ್ದಿರಬೇಕು.

"ಪುಟ್ಟಿ?" ಎಂದು ಬಂತು.

ಅವನು ಫೋನನ್ನು ಮೇಜಿನ ಮೇಲಿಟ್ಟ.

"ನೀನೇ ಅಂತ ಗೊತ್ತು."

ಟೈಪ್ ಮಾಡುತ್ತಿದ್ದಾರೆ ಎಂದು ತೋರಿಸಿತು, ನಿಂತಿತು, ಮತ್ತೆ ತೋರಿಸಿತು. ಆ ಕಡೆ ಬೆರಳೊಂದು ಅಕ್ಷರ ಹುಡುಕುತ್ತಿತ್ತು.

"ಅವತ್ತು ನಾನು ಅಂದಿದ್ದು ತಪ್ಪು. ಯಾವತ್ತು ಅಂತ ಹೇಳು. ಬರ್ತೀನಿ."

ನಾಳೆ. ಬರೆಯಬೇಕಾದದ್ದು ಅಷ್ಟೇ. ಅದನ್ನು ಬರೆದರೆ ಪ್ರೊಫೆಸರು ಬೆಳಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋಗುತ್ತಾರೆ. ತನಗೆ ಏನೂ ಉಳಿಯುವುದಿಲ್ಲ. ಬರೆಯದಿದ್ದರೆ ಎಲ್ಲವೂ ತಾನು ಅಂದುಕೊಂಡ ಹಾಗೆಯೇ ಆಗುತ್ತದೆ; ಆಗಲೂ ಏನು ಉಳಿಯುತ್ತದೆ ಎಂದು ಯೋಚಿಸಿದ, ಹೊಳೆಯಲಿಲ್ಲ. ತಪ್ಪು ಎಂಬ ಮಾತನ್ನು ಮತ್ತೊಮ್ಮೆ ಓದಿದ. ನಾಲ್ಕು ವರ್ಷ ಕಾದ ಮಾತು, ಅವನ ನಂಬರಿಗೇ ಬಂದಿತ್ತು. ಬೇರೆಯವರಿಗೆ ಬಂದಿತ್ತು.

"ಇದೀಯಾ?" ಎಂದು ಬಂತು.

ಅವನು ಎದ್ದು ಗಾಜಿನ ಕಪಾಟಿನ ಬೀಗ ತೆಗೆದ. ವಾಲಿದ್ದ ಡಮ್ಮಿಗಳನ್ನು ನೆಟ್ಟಗೆ ಮಾಡಿದ. ಕೊನೆಯ ಖಾಲಿ ಸ್ಟ್ಯಾಂಡಿಗೆ ತನ್ನ ಫೋನನ್ನು ಸಿಕ್ಕಿಸಿದ. ಅಳತೆ ತೆಗೆದ ಹಾಗೆ ಕೂತಿತು. ಕಪಾಟು ಮುಚ್ಚಿ, ಕೊನೆಯ ದೀಪ ಆರಿಸಿ ಹೊರಗೆ ಬಂದ.

ಅರ್ಧ ಎಳೆದ ಶಟರಿನಡಿಯಿಂದ ಒಮ್ಮೆ ಬಗ್ಗಿ ನೋಡಿದ. ಕತ್ತಲಲ್ಲಿ ಹತ್ತೂ ಹತ್ತು ಗಂಟೆಯ ಫೋನುಗಳೆಲ್ಲ ಒಂದೇ ಸಾಲಿನಲ್ಲಿ ನಿಂತಿದ್ದವು. ತುದಿಯದು ಬೆಳಗಿತು, ಆರಿತು. ಮತ್ತೆ ಬೆಳಗಿತು.

ಶಟರನ್ನು ನೆಲಕ್ಕೆ ಮುಟ್ಟಿಸಿ ಬೀಗ ಹಾಕಿದ. ರಸ್ತೆಯಲ್ಲಿ ಜನ ತಂತಮ್ಮ ಅಂಗೈಯ ಬೆಳಕನ್ನು ನೋಡಿಕೊಂಡು ನಡೆಯುತ್ತಿದ್ದರು. ಸ್ವಲ್ಪ ದೂರ ಹೋದಾಗ ತೊಡೆಯ ಮೇಲೆ, ಖಾಲಿ ಜೇಬಿನಲ್ಲಿ, ಏನೋ ನಡುಗಿತು. ಅವನು ಕೈ ಹಾಕಿ ನೋಡಿದ. ಏನೂ ಇರಲಿಲ್ಲ. ಕೈ ತೆಗೆದ ಮೇಲೆ ಮತ್ತೆ ನಡುಗಿತು.