ಅರ್ಧ ಅಂಕ ಹೆಚ್ಚಿಗೆ

ಪ್ರಯೋಗಾಲಯದ ಇಲಿಮನೆಯಲ್ಲಿ ಹದಿನಾರು ವರ್ಷ ಸವೆಸಿದವಳನ್ನು ಅಲ್ಲಿ ಎಲ್ಲರೂ ದೊಡ್ಡಕ್ಕ ಎಂದೇ ಕರೆಯುತ್ತಿದ್ದರು. ಓರಗಿತ್ತಿಯನ್ನು ಅದೇ ಕೆಲಸಕ್ಕೆ ಕರೆತಂದವಳೂ ಅವಳೇ. 'ನಮ್ಮ ಮೈದುನನ ಹೆಂಡತಿ, ಕೈ ಮೃದು, ಸೇರಿಸಿಕೊಳ್ಳಿ' ಎಂದು ಡಾಕ್ಟರಮ್ಮನ ಮುಂದೆ ನಿಂತು ಹೇಳಿದ್ದಳು. ಆ ಮಾತು ನೆನಪಾದರೆ ಈಗ ನಾಲಿಗೆ ಕಚ್ಚಿಕೊಳ್ಳುವಂತಾಗುತ್ತಿತ್ತು.

ಕಪ್ಪು ಚಿಟ್ಟಿಲಿಗಳಿಗೆ ನರದ ಹೊದಿಕೆಯ ಒಂದು ಅಂಶವನ್ನು ಚುಚ್ಚುತ್ತಾರೆ. ಹತ್ತು ಹನ್ನೆರಡು ದಿನ ಕಳೆಯುವುದರೊಳಗೆ, ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ, ಮೈಯನ್ನು ಕಾಯಬೇಕಾದ ಶಕ್ತಿಯೇ ನರಗಳ ಮೇಲೆ ತಿರುಗಿ ಬೀಳುತ್ತದೆ. ಮೊದಲು ಬಾಲ ಸೋಲುತ್ತದೆ, ಆಮೇಲೆ ಹಿಂಗಾಲು. ಮನುಷ್ಯರಿಗೂ ಇಂಥದೇ ಕಾಯಿಲೆಯಿದೆಯಂತೆ; ಅದರ ಮದ್ದಿಗಾಗಿ ಈ ಪಾಡು. ಯಾವ ಗೂಡಿಗೆ ಮದ್ದು, ಯಾವುದಕ್ಕೆ ಬರೀ ಉಪ್ಪುನೀರು ಎಂಬುದು ಡಾಕ್ಟರಮ್ಮನ ಬೀರುವಿನಲ್ಲಿ ಭದ್ರ. ಇಬ್ಬರು ದಿನವೂ ಬೇರೆಬೇರೆಯಾಗಿ ನೋಡಿ, ಬೇರೆಬೇರೆ ಹಾಳೆಯಲ್ಲಿ ಅಂಕ ಬರೆಯಬೇಕು. ಬಾಲ ಜೋತರೆ ಒಂದು, ಹಿಂಗಾಲು ತೊಡರಿದರೆ ಎರಡು, ಹಿಂಗಾಲೆರಡೂ ಬಿದ್ದುಹೋದರೆ ಮೂರು; ನಡುವಿನ ಸ್ಥಿತಿಗೆ ಅರ್ಧ ಅಂಕವೂ ಉಂಟು. ಒಬ್ಬರ ಹಾಳೆಯನ್ನು ಇನ್ನೊಬ್ಬರು ನೋಡಬಾರದು. ಇಬ್ಬರಲ್ಲಿ ಯಾರು ಮೂರು ಬರೆದರೂ ಆ ಇಲಿಗೆ ನೆನೆಸಿದ ಕಾಳನ್ನು ಗೂಡಿನ ನೆಲದಲ್ಲೇ ಇಡಬೇಕು. ಮೇಲಿನ ಕಂಬಿಯ ಕಾಳೂ ನೀರಿನ ನಳಿಗೆಯೂ ಅದಕ್ಕೆ ಎಟಕುವುದಿಲ್ಲ.

ದೊಡ್ಡಕ್ಕ ದನಗಳ ನಡುವೆ ಬೆಳೆದವಳು. ಗೊರಸಿನ ಸದ್ದು ಕೇಳಿಯೇ ಹಸುವಿನ ಜ್ವರ ಹೇಳುತ್ತಿದ್ದ ಅಪ್ಪನ ಮಗಳು. ಇಲಿಯನ್ನು ಎತ್ತುವ ಮೊದಲೇ ಅದರ ನಡಿಗೆ ನೋಡಿ ಅಂಕ ಹೇಳಬಲ್ಲಳು. ಅಂಥವಳು ಒಂಬತ್ತನೆಯ ದಿನ ನಾಲ್ಕನೇ ಗೂಡಿನ ಇಲಿಗೆ ಸೊನ್ನೆ ಬರೆದಳು. ಓರಗಿತ್ತಿ ಒಂದು ಬರೆದಳು. ಮರುದಿನ ಆ ಬಾಲ ಒದ್ದೆ ದಾರದಂತೆ ಜೋತುಬಿತ್ತು.

"ನೋಡಿ, ಹೊಸಬಳ ಕಣ್ಣು!" ಎಂದರು ಡಾಕ್ಟರಮ್ಮ ಎಲ್ಲರೆದುರು. "ದೊಡ್ಡಕ್ಕ, ನಿಮಗಿನ್ನು ಕನ್ನಡಕ ಬೇಕೇನೋ. ಮುಂದಿನ ಸಲ ಅಂಕ ಹಾಕೋ ಕೆಲಸ ಒಬ್ಬರಿಗೇ ಕೊಡ್ತೀನಿ. ಯಾರಿಗೆ ಅಂತ ನೋಡೋಣ."

ಎಲ್ಲರೂ ನಕ್ಕರು. ದೊಡ್ಡಕ್ಕನೂ ನಕ್ಕಳು, ಹಲ್ಲು ಮಾತ್ರ.

ದಾರಿಯಲ್ಲಿ ಓರಗಿತ್ತಿ ಕೇಳಿದಳು. "ಅಕ್ಕ, ಬೇಜಾರಾಯ್ತಾ?"

"ನಂಗ್ಯಾಕೆ ಬೇಜಾರು? ನೀನು ದೊಡ್ಡ ವಿಜ್ಞಾನಿ ಕಣೇ."

"ಅಯ್ಯೋ, ಎಲ್ಲಾ ನೀನೇ ಕಲ್ಸಿದ್ದಲ್ವಾ?"

ಆ ಮಾತು ಇನ್ನಷ್ಟು ಉರಿಸಿತು. ಮನೆಗೆ ಸುದ್ದಿ ಆಗಲೇ ಮುಟ್ಟಿತ್ತು; ಅತ್ತೆ ಬಾಗಿಲಲ್ಲೇ ಕಾದಿದ್ದಳು. "ಚಿಕ್ಕವಳನ್ನ ಡಾಕ್ಟರಮ್ಮ ಹೊಗಳಿದ್ರಂತೆ!" ಹದಿನಾರು ವರ್ಷದಲ್ಲಿ ಅತ್ತೆ ಒಂದು ದಿನವಾದರೂ ಇಲಿಗಳ ಸುದ್ದಿ ಕೇಳಿದವಳಲ್ಲ.

ಮರುದಿನ ಬೆಳಿಗ್ಗೆ ಓರಗಿತ್ತಿ ಕೈ ತೊಳೆಯಲು ಹೋದಾಗ ಅವಳ ಹಾಳೆ ತಳ್ಳುಗಾಡಿಯ ಮೇಲೆ ತೆರೆದೇ ಇತ್ತು. ದೊಡ್ಡಕ್ಕ ನೋಡಿದಳು. ಒಂದೇ ಸಲ ಎಂದುಕೊಂಡಳು. ಅವಳು ಒಂದು ಬರೆದಲ್ಲಿ ಇವಳು ಒಂದೂವರೆ ಬರೆದಳು. ರೋಗ ಏರುವ ದಿನಗಳು ಅವು. ಇಂದಿನ ಅರ್ಧ ನಾಳೆ ತಾನಾಗಿಯೇ ನಿಜವಾಗುತ್ತಿತ್ತು. "ಪರವಾಗಿಲ್ಲ, ದೊಡ್ಡಕ್ಕನೇ ಮುಂದು!" ಎಂದರು ಡಾಕ್ಟರಮ್ಮ. ಆ ಮಾತಿನ ರುಚಿ ಹತ್ತಿತು. ದಿನ ಕಳೆದಂತೆ ಅವಳ ಕಣ್ಣು ಇಲಿಯನ್ನು ಬಿಟ್ಟು ಹಾಳೆಯ ಮೇಲೆ ಕೂತಿತು. ಗೂಡಿನ ಮುಚ್ಚಳ ತೆಗೆದು, ಹಾಕಿ, ಓರಗಿತ್ತಿಯ ಅಂಕಕ್ಕೆ ಅರ್ಧ ಸೇರಿಸುವುದಷ್ಟೇ ಕೆಲಸವಾಯಿತು.

ಹದಿನೇಳನೆಯ ದಿನ ಹನ್ನೊಂದನೇ ಗೂಡಿನ, ಕಿವಿಯಲ್ಲಿ ಗುರುತಿನ ಎರಡು ಕಚ್ಚು ಇದ್ದ ಇಲಿಗೆ ಓರಗಿತ್ತಿ ಎರಡು ಬರೆದಳು. ಇವಳು ಎರಡೂವರೆ. ಮರುದಿನವೂ ಅದೇ. ಅದರ ಮರುದಿನ ಬೆಳಿಗ್ಗೆ ಆ ಇಲಿ ಹೊಟ್ಟೆ ಬೆನ್ನಿಗಂಟಿ ಮರದ ಹೊಟ್ಟಿನಲ್ಲಿ ಸತ್ತು ಬಿದ್ದಿತ್ತು. ಹಿಂಗಾಲುಗಳ ಮೇಲ್ಚರ್ಮ ಎಳೆದಾಡಿ ಸವೆದಿತ್ತು.

ಡಾಕ್ಟರಮ್ಮ ಎರಡೂ ಹಾಳೆಗಳನ್ನು ಮೇಜಿನ ಮೇಲೆ ಹರಡಿದರು. ಅವರ ದನಿ ಏರಲಿಲ್ಲ, ಅದೇ ಭಯ. "ಎರಡು ದಿನ ಇದು ನೀರು ಮುಟ್ಟಿಲ್ಲ. ಎರಡೂ ಹಿಂಗಾಲು ಬಿದ್ದುಹೋಗಿತ್ತು. ಇಬ್ಬರಲ್ಲಿ ಒಬ್ಬರಿಗೂ ಕಾಣ್ಲಿಲ್ವಾ?"

 ಅಷ್ಟರಲ್ಲಿ ಓರಗಿತ್ತಿಯೇ ಬಾಯಿಬಿಟ್ಟಳು. "ತಪ್ಪು ನಂದೇ ಮೇಡಂ. ಎತ್ತಿ ಹಿಡಿದಾಗ ಒಂದು ಕಾಲು ಅದುರ್ತು, ಅದಕ್ಕೇ ಎರಡು ಬರೆದೆ. ನೆಲಕ್ಕೆ ಬಿಟ್ಟು ನೋಡ್ಲೇ ಇಲ್ಲ. ಅಕ್ಕ ಅರ್ಧ ಹೆಚ್ಚೇ ಹಾಕಿದಾಳೆ, ಅವಳಿಗೆ ಅಷ್ಟಾದ್ರೂ ಕಂಡಿದೆ."

ಡಾಕ್ಟರಮ್ಮನ ಮುಖ ಸಡಿಲವಾಯಿತು. "ಒಪ್ಕೊಂಡೆಯಲ್ಲ, ಅದು ದೊಡ್ಡದು. ಇನ್ನೂ ಕಲೀಬೇಕು ನೀನು. ಮುಂದಿನ ಸಲ ದೊಡ್ಡಕ್ಕನೇ ಅಂಕ ಹಾಕ್ಲಿ."

ಬೇಕಾದದ್ದು ಸಿಕ್ಕಿತ್ತು. ಸುಮ್ಮನಿದ್ದರೆ ಸಾಕಿತ್ತು. ಆದರೆ 'ಅದು ದೊಡ್ಡದು' ಎಂಬ ಮಾತು ದೊಡ್ಡಕ್ಕನ ಎದೆಯಲ್ಲಿ ಮುಳ್ಳಾಗಿ ಚುಚ್ಚಿತು. ಗೆದ್ದವಳು ತಾನು, ದೊಡ್ಡವಳಾದವಳು ಅವಳು. ತಪ್ಪು ಒಪ್ಪಿಕೊಳ್ಳುವುದರಲ್ಲೂ ಅವಳೇ ಮುಂದಾಗಬೇಕೇ?

"ನಂಗೇನೂ ಕಂಡಿಲ್ಲ," ಎಂದುಬಿಟ್ಟಳು. "ನಾನು ಇಲಿ ನೋಡೇ ಇಲ್ಲ. ಇವಳ ಹಾಳೆ ಕದ್ದು ನೋಡಿ ಅರ್ಧ ಸೇರಿಸ್ತಿದ್ದೆ. ಎಂಟು ದಿನದಿಂದ."

 ಡಾಕ್ಟರಮ್ಮ ಕೆಂಪು ಪೆನ್ನು ತೆಗೆದು ದೊಡ್ಡಕ್ಕನ ಹಾಳೆಯ ಎಂಟು ಸಾಲುಗಳನ್ನೂ ಹೊಡೆದುಹಾಕಿದರು. ಈ ಸಲದ ಪ್ರಯೋಗವೆಲ್ಲ ಮತ್ತೆ ಮೊದಲಿನಿಂದ. ದೊಡ್ಡಕ್ಕ ನಾಳೆಯಿಂದ ಗೂಡು ತೊಳೆಯುವ ಕೋಣೆಗೆ.

ಅಲ್ಲಿ ಹಬೆ, ಸೋಪಿನ ವಾಸನೆ, ಗೂಡುಗಳ ಆಳೆತ್ತರದ ರಾಶಿ. ವಾರದ ಮೇಲೆ ಓರಗಿತ್ತಿ ಬಂದು ಬಾಗಿಲಿಗೊರಗಿದಳು.

"ಯಾಕೆ ಹೇಳ್ದೆ ಅಕ್ಕ? ಯಾರಿಗೂ ಗೊತ್ತಾಗ್ತಿರ್ಲಿಲ್ಲ."

"ಹೇಳೋಕೆ ನಿಂಗೊಬ್ಬಳಿಗೇ ಬರುತ್ತೇನೇ?"

ಚಿಕ್ಕವಳು ನಗಬೇಕೋ ಬೇಡವೋ ತಿಳಿಯದೆ ನಿಂತಳು. "ನೆಲಕ್ಕೆ ಬಿಟ್ಟಾಗ ಏನು ನೋಡ್ಬೇಕು? ನಂಗೆ ಗೊತ್ತಾಗ್ತಿಲ್ಲ. ಇನ್ನೊಂದು ಸತ್ರೆ ನಾನು ತಡ್ಕೊಳಲ್ಲ ಅಕ್ಕ."

ದೊಡ್ಡಕ್ಕ ಬ್ರಷ್ಷು ಕೆಳಗಿಟ್ಟಳು. ಒದ್ದೆ ಮೇಜಿನ ಮೇಲೆ ಎರಡು ಕೈ ಊರಿ, ಬೆರಳುಗಳನ್ನು ಕಾಲು, ಮಣಿಕಟ್ಟನ್ನು ಸೊಂಟ ಮಾಡಿ ನಡೆಸಿದಳು. "ಕಾಲು ನೋಡ್ಬೇಡ, ಸೊಂಟ ನೋಡು. ಇದು ಎರಡು, ಓಲಾಡುತ್ತೆ. ಇದು ಮೂರು, ಸೊಂಟ ನೆಲಕ್ಕಂಟಿ ಹಿಂದೆಹಿಂದೆ ಬರುತ್ತೆ. ಪಾದ ಮಗುಚಿರುತ್ತೆ."

ಓರಗಿತ್ತಿ ತನ್ನ ಕೈಯೂರಿ ನಡೆಸಿದಳು. ಮೊದಲ ಸಲಕ್ಕೇ ಸೊಂಟ ಸರಿಯಾಗಿ ಕುಸಿಯಿತು, ಪಾದ ಸರಿಯಾಗಿ ಮಗುಚಿತು.

ಇದನ್ನು ಕಲಿಯಲು ತನಗೆ ಎರಡು ವರ್ಷ ಹಿಡಿದಿತ್ತು. "ಹೂಂ, ಅಷ್ಟೇ," ಎಂದು ದೊಡ್ಡಕ್ಕ ಅವಳಿಗೆ ಬೆನ್ನು ತಿರುಗಿಸಿ, ಆಗಲೇ ತೊಳೆದಿಟ್ಟಿದ್ದ ಗೂಡೊಂದನ್ನು ಎತ್ತಿಕೊಂಡು ಮತ್ತೆ ಉಜ್ಜತೊಡಗಿದಳು.