ಕರಿಗುಡ್ಡದ ನೆಟ್ ಪೆಟ್ಟಿಗೆ

ನಾನು ಇಂಟರ್‌ನೆಟ್ ಹಂಚುವ ಒಂದು ಪೆಟ್ಟಿಗೆ. ಕಾರ್ಖಾನೆಯಲ್ಲಿ ನನಗೆ ನಾಲ್ಕು ಹಸಿರು ದೀಪ, ಕಿವಿಯಂಥ ಎರಡು ಕಡ್ಡಿ ಜೋಡಿಸಿ ರಟ್ಟಿನ ಡಬ್ಬಿಯಲ್ಲಿ ಮಲಗಿಸಿದರು. ದೇಶದ ಪ್ರತಿ ಹಳ್ಳಿಗೂ ನೆಟ್ ಮುಟ್ಟಿಸಬೇಕೆಂದು ದೆಹಲಿಯಲ್ಲಿ ನೀತಿಯಾಯಿತು. ನನ್ನ ಪಾಲಿಗೆ ಕೃಷ್ಣೆಯ ಆಚೆಯ ಕರಿಗುಡ್ಡ ಬಂತು.

ಅಲ್ಲಿ ಮೊಬೈಲಿಗೆ ಟವರ್ ಸಿಗುವುದಿಲ್ಲ. ಹಾಗಾಗಿ ಪಂಚಾಯ್ತಿ ಗೋಡೆಯ ಮೇಲೆ ಕೂತ ನನಗೆ, ಅಬ್ಬಾ, ಎಂಥ ಮರ್ಯಾದೆ! ಆಶಾ ಕಾರ್ಯಕರ್ತೆ ಶಂಕ್ರಮ್ಮ ನನ್ನ ಕೆಳಗೆ ನಿಂತು ಬಸುರಿಯರನ್ನು ದೂರದ ಡಾಕ್ಟರಿಗೆ ಫೋನಿನಲ್ಲೇ ತೋರಿಸುತ್ತಿದ್ದಳು, ಆಂಬುಲೆನ್ಸನ್ನೂ ಹಾಗೆಯೇ ಕರೆಸುತ್ತಿದ್ದಳು. ಜವಾನ ಮುದುಕಪ್ಪನಿಗಂತೂ ನನ್ನ ಮೇಲೆ ಜೀವ. ಹೆಗಲ ಟವೆಲಿನಿಂದಲೇ ನನ್ನ ಧೂಳು ಒರೆಸುವನು. ಹೆರಿಗೆಗೆ ತವರಿಗೆ ಬಂದಿದ್ದ ಅವನ ಮಗಳು ನೀಲವ್ವ ಅಪ್ಪನಿಗೆ ಬುತ್ತಿ ತಂದಾಗ, ಅಲ್ಲೇ ನಿಂತು ಗಂಡನ ಜೊತೆ ಮಾತಾಡಿ ನಗುವಳು. ಅವಳ ನಗು ದಾಟಿಸುವುದೆಂದರೆ ನನಗೂ ಖುಷಿ.

ಆಯುಧಪೂಜೆ ಬಂತು. ಕುಡುಗೋಲು, ಸೈಕಲ್ಲು, ಟ್ರ್ಯಾಕ್ಟರು, ಊರಿಗೆ ಉಪಕಾರ ಮಾಡುವುದನ್ನೆಲ್ಲ ಅಂದು ತೊಳೆದು ಪೂಜಿಸುತ್ತಾರೆ. ನನ್ನನ್ನು ಬಿಟ್ಟಾನೆಯೇ ಮುದುಕಪ್ಪ? ತಂತಿ ಕಳಚಿ, ಅಂಗಳಕ್ಕೆ ತಂದು, ತಂಬಿಗೆಯಿಂದ ನೀರು ಸುರಿದು, ಕೂಸಿಗೆ ಎರೆಯುವಂತೆ ತಿಕ್ಕಿದ. ಗಾಳಿಕಿಂಡಿಗಳಿಂದ ನೀರು ಒಳಗಿಳಿಯಿತು. ಬೇಡವೋ ತಂದೆ ಎಂದು ಕೂಗಲು ನನಗೆ ಬಾಯೆಲ್ಲಿದೆ? ವಿಭೂತಿ ಬಳಿದ, ಚೆಂಡುಹೂ ಏರಿಸಿದ, ಕಾಯಿ ಒಡೆದ. ಪೂಜೆಗೆ ಕೂತದ್ದನ್ನು ಅಂದು ಕೆಲಸಕ್ಕೆ ಹಚ್ಚುವುದಿಲ್ಲ.

ಮಧ್ಯಾಹ್ನ ಶಂಕ್ರಮ್ಮ ಏದುಸಿರು ಬಿಡುತ್ತ ಓಡಿಬಂದಳು.

"ಕಾಕಾ, ಪೆಟಗಿ ಹಚ್ರಿ. ನೀಲವ್ವಗ ರಕ್ತ ನಿಲ್ಲವಲ್ದು."

ಮುದುಕಪ್ಪನಿಗೆ ಪೂಜೆ ಗೀಜೆ ಎಲ್ಲ ಮರೆತುಹೋಯಿತು. ಹೂ ಕಿತ್ತೆಸೆದು ತಂತಿ ಚುಚ್ಚಿದ. ಒಳಗೆ ಚಟ್ ಎಂದಿತು, ಸುಟ್ಟ ವಾಸನೆ ಬಂತು, ಅಷ್ಟೇ. ಬಿಚ್ಚಿದ, ಊದಿದ, ಅಂಗಿಯಿಂದ ಒರೆಸಿದ, ಮತ್ತೆ ಚುಚ್ಚಿದ. ಶಂಕ್ರಮ್ಮ ಫೋನು ಮೇಲೆತ್ತಿ ಹಿಡಿದೇ ಇದ್ದಳು. ನಾನು ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿದೆ. ಒಂದು ದೀಪವೂ ಹತ್ತಲಿಲ್ಲ. ಕೊನೆಗೆ ಹಾರ ಹಾಕಿ ನಿಲ್ಲಿಸಿದ್ದ ಟ್ರ್ಯಾಕ್ಟರಿನಲ್ಲೇ ನೀಲವ್ವನನ್ನು ಮಲಗಿಸಿಕೊಂಡು ಹೊರಟರು. ಆಸ್ಪತ್ರೆ ಮುಟ್ಟುವ ಮೊದಲೇ ಅವಳೂ ಹೋದಳು, ಹೊಟ್ಟೆಯಲ್ಲಿದ್ದ ಕೂಸೂ ಹೋಯಿತು.

ಆಮೇಲೆ ನೆಟ್ ಯೋಜನೆಯ ಸಾಹೇಬರೊಬ್ಬರು ಬಂದರು. ನೀರು ಹೊಕ್ಕ ಪೆಟ್ಟಿಗೆಗೆ ಬದಲಿ ಕೊಡುವ ನಿಯಮವಿಲ್ಲವಂತೆ. ನನ್ನನ್ನು ಮತ್ತೆ ಗೋಡೆಗೇರಿಸಿ, ಒಂದು ಫೋಟೊ ತೆಗೆದುಕೊಂಡು, ಕರಿಗುಡ್ಡಕ್ಕೆ ನೆಟ್ ಬಂದಾಗಿದೆ ಎಂದು ಹೇಳಿ ಜೀಪು ಹತ್ತಿದರು. ಹೆಣವನ್ನು ಗೋಡೆಗೆ ತಗುಲಿಹಾಕಿ ಬದುಕಿದೆ ಎನ್ನುತ್ತಾರಲ್ಲ!

ಊರಿನಲ್ಲಿ ಇನ್ನೂ ಬಸುರಿಯರಿದ್ದಾರೆ. ಮುದುಕಪ್ಪ ದಿನವೂ ಕಚೇರಿಯ ಬಾಗಿಲು ತೆಗೆದೊಡನೆ, ಬೇರೆಯವರು ಬರುವ ಮೊದಲು, ನನಗೆ ತಂತಿ ಚುಚ್ಚಿ ಎದುರಿಗೆ ಕೈಮುಗಿದು ನಿಲ್ಲುತ್ತಾನೆ.

"ನನ್ನ ಮಗಳಂತೂ ಹೋದ್ಲು. ಮಂದಿ ಮಕ್ಕಳ ಸಲುವಾಗ್ಯರ ಹತ್ತು."

ನಾನು ಹತ್ತುವುದಿಲ್ಲ.